ಪಕ್ಕದ ತೋಟದ ಮಳೆ ನಮ್ಮ ಮೊಬೈಲ್‌ನಲ್ಲಿ: ಥಿಂಗ್‌ಸ್ಪೀಕ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ಸೆನ್ಸರ್ ಡೇಟಾವನ್ನು ನಾಲ್ಕು ಜನರ ಜೊತೆ ಹಂಚಿಕೊಳ್ಳುವುದಕ್ಕೆ ಥಿಂಗ್‌ಸ್ಪೀಕ್ ಎಂಬ ಇಂಟರ್ನೆಟ್ ಸೇವೆ ತುಂಬಾ ಚೆನ್ನಾಗಿದೆ. ಆ ಡೇಟಾವನ್ನು ತಿದ್ದಿ, ಒಪ್ಪ ಮಾಡಿ ಇಟ್ಟುಕೊಳ್ಳುವುದಕ್ಕೆ ಅಷ್ಟಕ್ಕಷ್ಟೆ.

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಅಕ್ಕಪಕ್ಕದವರು ಸೇರಿ ಮಳೆ ಮಾಪಕ ಮತ್ತು ಮಣ್ಣಿನ ತೇವ ಅಳೆಯುವ ಸೆನ್ಸರ್ ಹಾಕಿಕೊಂಡಿದ್ದೇವೆ. ಹವ್ಯಾಸಕ್ಕೆ ಶುರುವಾಗಿದ್ದು, ಈಗ ಎಲ್ಲರೂ ದಿನಾ ನೋಡುತ್ತಾರೆ. ಪಂಚಾಯ್ತಿಗೊಂದರಂತೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕ ಇದ್ದೇ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಒಳ್ಳೇ ಕೆಲಸವನ್ನೂ ಮಾಡುತ್ತದೆ. ಆದರೆ ಮಲೆನಾಡಿನ ಮಳೆ ಗೊತ್ತಲ್ವಾ, ಗುಡ್ಡದ ಆ ಕಡೆ ಒಂದೂವರೆ ಇಂಚು ಸುರಿದರೆ ಈ ಕಡೆ ಬರೀ 30 ಸೆಂಟ್ (ನೂರು ಸೆಂಟ್ ಅಂದರೆ ಒಂದು ಇಂಚು). ಮಾರ್ಚ್-ಏಪ್ರಿಲ್‌ನ ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಸಮಯದಲ್ಲಿ ಈ ವ್ಯತ್ಯಾಸಕ್ಕೇ ದುಡ್ಡು ಖರ್ಚಾಗುವುದು. ರೊಬಸ್ಟಾ ಕಾಫಿಗೆ ಸುಮಾರು ಒಂದು ಇಂಚು ಬಿದ್ದರೆ ನೆಮ್ಮದಿ, ಅರ್ಧಂಬರ್ಧ ಬಿದ್ದು ನಿಂತರೆ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಲೇಬೇಕು.

ವ್ಯವಸ್ಥೆ ಸರಳ. ಪ್ರತಿ ಮಾಪಕಕ್ಕೆ ಒಂದು ಲೋರಾ ನೋಡ್, ಅಂದರೆ ಕಮ್ಮಿ ಕರೆಂಟ್‌ನಲ್ಲಿ ದೂರದವರೆಗೆ ರೀಡಿಂಗ್ ಕಳಿಸುವ ಪುಟ್ಟ ರೇಡಿಯೋ. ನಮ್ಮ ದೇಶದಲ್ಲಿ ಇದಕ್ಕೆ 865–867 ಮೆಗಾಹರ್ಟ್ಸ್, ಲೈಸೆನ್ಸ್ ಬೇಡ. ಎತ್ತರದಲ್ಲಿರುವ ಮನೆಯ ಮಹಡಿ ಮೇಲೆ ಎಲ್ಲ ನೋಡ್‌ಗಳ ರೀಡಿಂಗ್ ಹಿಡಿಯುವ ಗೇಟ್‌ವೇ, ಅಲ್ಲಿಂದ ವೈಫೈ ಹಿಡಿದು ಥಿಂಗ್‌ಸ್ಪೀಕ್‌ಗೆ. ಇದು 2010ರಲ್ಲಿ ಶುರುವಾದ ಸೇವೆ. ಈಗ ನಡೆಸುತ್ತಿರುವುದು ಮ್ಯಾಟ್‌ಲ್ಯಾಬ್ ಎಂಬ ಲೆಕ್ಕದ ಸಾಫ್ಟ್‌ವೇರ್ ಮಾಡುವ ಮ್ಯಾಥ್‌ವರ್ಕ್ಸ್ ಕಂಪನಿ.

ಇದಕ್ಕೂ ಮೊದಲು ಒಂದು ಕಂಪನಿಯ ರೆಡಿಮೇಡ್ ಪೆಟ್ಟಿಗೆ ಹಾಕಿಸಿದ್ದೆವು, ಹೆಸರು ಬೇಡ. ಸೆನ್ಸರ್ ಗಟ್ಟಿಮುಟ್ಟಾಗಿತ್ತು. ಆದರೆ ಡೇಟಾ ಅವರ ಆ್ಯಪ್ ಬಿಟ್ಟು ಹೊರಗೆ ಬರುತ್ತಿರಲಿಲ್ಲ, ಪಕ್ಕದ ತೋಟದವರು ನೋಡಬೇಕೆಂದರೆ ಅವರೂ ಚಂದಾ ಕಟ್ಟಬೇಕು, ನಾವು ಚಂದಾ ನಿಲ್ಲಿಸಿದರೆ ನಮ್ಮದೇ ತೋಟದ ಹೋದ ವರ್ಷದ ಮಳೆ ನಮಗೇ ಕಾಣುವುದಿಲ್ಲ. ಇದ್ಯಾವ ನ್ಯಾಯ?

ಥಿಂಗ್‌ಸ್ಪೀಕ್ ಗೆಲ್ಲುವುದು ಇಲ್ಲಿಯೇ. ನಮ್ಮ ಡೇಟಾ ಹೋಗಿ ಕೂರುವ ಖಾತೆಗೆ ಇಲ್ಲಿ ಚಾನೆಲ್ ಅನ್ನುತ್ತಾರೆ. ಅದನ್ನು ಪಬ್ಲಿಕ್ ಮಾಡಿದರೆ ಲಿಂಕ್ ಇದ್ದವರೆಲ್ಲ ಬ್ರೌಸರ್‌ನಲ್ಲೇ ಗ್ರಾಫ್ ನೋಡಬಹುದು, ಲಾಗಿನ್ ಬೇಡ. ಗುಟ್ಟಾಗಿ ಇರಲಿ ಅಂದರೆ ಪ್ರೈವೇಟ್ ಮಾಡಿ ರೀಡ್ ಕೀ (ಓದಲು ಬೇಕಾದ ಪಾಸ್‌ವರ್ಡ್ ತರಹದ ಗುಟ್ಟಿನ ಅಕ್ಷರಗಳು) ಕೊಟ್ಟರೆ ಸಾಕು. ಬರೆಯುವ ಕೀ ಬೇರೆ, ಓದುವ ಕೀ ಬೇರೆ. ಬರೆಯುವ ಕೀಯನ್ನು ಯಾವ ಕಾರಣಕ್ಕೂ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಶುರುವಿನಲ್ಲಿ ಗ್ರಾಫ್ ಕೊನೆಯ 60 ರೀಡಿಂಗ್ ಮಾತ್ರ ತೋರಿಸುತ್ತದೆ, ಅದನ್ನು ಜಾಸ್ತಿ ಮಾಡಿಕೊಂಡು ಆಮೇಲೆ ಲಿಂಕ್ ಕಳಿಸಿ. ಇಲ್ಲದಿದ್ದರೆ "ನಿನ್ನೆ ಬೆಳಗಿನ ಮಳೆ ಎಲ್ಲಿ ಹೋಯ್ತು ಮಾರಾಯ" ಅಂತ ಫೋನ್ ಬರುತ್ತದೆ.

ಒಂದು ಚಾನೆಲ್‌ಗೆ 8 ಫೀಲ್ಡ್, ಅಂದರೆ ಎಂಟು ಬೇರೆ ಬೇರೆ ಅಳತೆಗೆ ಜಾಗ. ಉಚಿತ ಪ್ಲಾನ್‌ನಲ್ಲಿ 4 ಚಾನೆಲ್, ವರ್ಷಕ್ಕೆ 30 ಲಕ್ಷ ಮೆಸೇಜ್. ಕಾಲು ಗಂಟೆಗೊಂದರಂತೆ ಕಳಿಸಿದರೆ ದಿನಕ್ಕೆ 96, ಹಾಗಾಗಿ ಆ ಮಿತಿ ಸಣ್ಣ ಗುಂಪಿಗೆ ತಾಗುವುದೇ ಇಲ್ಲ. ತೊಂದರೆ ಕೊಡುವುದು ಇನ್ನೊಂದು ಮಿತಿ. ಉಚಿತ ಪ್ಲಾನ್‌ನಲ್ಲಿ ಒಂದು ಚಾನೆಲ್‌ಗೆ ಎರಡು ಮೆಸೇಜ್ ನಡುವೆ 15 ಸೆಕೆಂಡ್ ಅಂತರ ಇರಲೇಬೇಕು. ಎರಡು ನೋಡ್‌ಗಳ ರೀಡಿಂಗ್ ಒಟ್ಟಿಗೆ ಬಂದು ಗೇಟ್‌ವೇ ಹಾಗೇ ದಾಟಿಸಿದರೆ ಎರಡನೆಯದು ಸದ್ದಿಲ್ಲದೆ ಬಿದ್ದುಹೋಗುತ್ತದೆ, ಉತ್ತರವಾಗಿ ಬರೀ ಸೊನ್ನೆ ಬರುತ್ತದೆ. ಅದಕ್ಕೇ ಗೇಟ್‌ವೇ ಎಲ್ಲರ ರೀಡಿಂಗ್ ಕೂಡಿಹಾಕಿಕೊಂಡು ಒಂದೇ ಮೆಸೇಜ್‌ನಲ್ಲಿ, ತೋಟಕ್ಕೊಂದು ಫೀಲ್ಡ್ ಅಂತ ಕಳಿಸಬೇಕು. ಇನ್ನೊಂದು ವಿಷಯ. ಕಾಲು ಗಂಟೆಯಲ್ಲಿ ಬಿದ್ದ ಮಳೆಯನ್ನು ಕಳಿಸುವ ಬದಲು ಮಾಪಕದೊಳಗಿನ ಪುಟ್ಟ ಬಕೆಟ್ ನೀರು ತುಂಬಿ ಮಗುಚಿದ ಒಟ್ಟು ಲೆಕ್ಕವನ್ನೇ ಕಳಿಸಿ. ನಡುವೆ ಒಂದು ಮೆಸೇಜ್ ಕಳೆದರೂ ಮಳೆ ಕಳೆಯುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಬಲ್ಕ್ ಅಪ್‌ಡೇಟ್. ಆಷಾಢದಲ್ಲಿ ಕರೆಂಟ್, ಇಂಟರ್ನೆಟ್ ಎರಡೂ ನೆಂಟರ ಹಾಗೆ, ಬಂದಾಗ ಬಂತು. ಗೇಟ್‌ವೇಗೆ ಬ್ಯಾಟರಿ ಮತ್ತು ಎಸ್‌ಡಿ ಕಾರ್ಡ್ ಇದ್ದರೆ ರೀಡಿಂಗ್‌ಗಳನ್ನು ಸಮಯದ ಸಮೇತ ಬರೆದಿಟ್ಟುಕೊಂಡು, ಲೈನ್ ಬಂದ ಕೂಡಲೇ ಒಂದೇ ಸಲಕ್ಕೆ 960ರವರೆಗೆ ಕಳಿಸಬಹುದು. ಕಾಲು ಗಂಟೆ ಲೆಕ್ಕದಲ್ಲಿ ಅದು ಹತ್ತು ದಿನದ ಮಳೆ. ಪ್ರತಿಯೊಂದೂ ಬಿದ್ದ ಸಮಯದಲ್ಲೇ ಹೋಗಿ ಕೂರುತ್ತದೆ. ಆದರೆ ಗೇಟ್‌ವೇಯಲ್ಲಿ ಡಿಎಸ್ 3231 ತರಹದ ಗಡಿಯಾರದ ಚಿಪ್ ಇರಬೇಕು, ಇಂಟರ್ನೆಟ್ ಇಲ್ಲದಾಗ ಹೊತ್ತು ಹೇಳುವವರು ಬೇರೆ ಯಾರೂ ಇಲ್ಲ.

ಸಮಯ ಅಂದಾಗ ನೆನಪಾಯಿತು. ಎಪಿಐ ಮೂಲಕ (ಪ್ರೋಗ್ರಾಂ ಬರೆದು ನೇರವಾಗಿ) ಡೇಟಾ ತೆಗೆದರೆ ಯುಟಿಸಿ ಸಮಯದಲ್ಲಿ, ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ ಬರುತ್ತದೆ, ಅಂದರೆ ನಮ್ಮ ರಾತ್ರಿ ಒಂದು ಗಂಟೆಯ ಮಳೆ ಹಿಂದಿನ ದಿನ ಸಂಜೆ ಏಳೂವರೆಯದು ಅಂತ ಕಾಣುತ್ತದೆ. ಟೈಮ್‌ಝೋನ್‌ಗೆ ಏಷ್ಯಾ/ಕೋಲ್ಕತಾ ಅಂತ ಸೇರಿಸಿ ಕೇಳಬೇಕು. ಹವಾಮಾನ ಇಲಾಖೆಯ ಹಾಗೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಲೆಕ್ಕ ಬೇಕಾದರೆ, ಒಳಗೇ ಇರುವ ಮ್ಯಾಟ್‌ಲ್ಯಾಬ್‌ನಲ್ಲಿ ಒಂದು ಪುಟ್ಟ ಕೋಡ್ ಬರೆದು ದಿನಾ ಆ ಹೊತ್ತಿಗೆ ಓಡಿಸಬಹುದು. ಮಿಲಿಮೀಟರ್ ಅನ್ನು 0.254ರಿಂದ ಭಾಗಿಸಿದರೆ ಸೆಂಟ್. ನಮ್ಮ ಹಿರಿಯರಿಗೆ ಇಂಚು-ಸೆಂಟ್ ಬಿಟ್ಟು ಬೇರೆ ಅಳತೆ ತೋರಿಸಿದರೆ ನೋಡುವುದೇ ಇಲ್ಲ.

ಈಗ ಬೇಸರದ ಭಾಗ. ತಪ್ಪು ರೀಡಿಂಗ್ ಒಂದನ್ನೇ ಅಳಿಸಲು ದಾರಿ ಇಲ್ಲ. ಮಾಪಕದ ಬುಟ್ಟಿಗೆ ಬಿದ್ದ ಎಲೆ ತೊಳೆಯಲು ಯಾರೋ ಒಂದು ಚೊಂಬು ನೀರು ಹುಯ್ದರೆ ಅದೂ ಮಳೆಯೇ. ತೆಗೆಯಬೇಕೆಂದರೆ ಪೂರ್ತಿ ಚಾನೆಲ್ ಅನ್ನು ಸಿಎಸ್‌ವಿಗೆ (ಎಕ್ಸೆಲ್‌ನಲ್ಲಿ ತೆರೆಯುವ ಫೈಲ್) ಇಳಿಸಿಕೊಂಡು, ತಿದ್ದಿ, ಚಾನೆಲ್ ಖಾಲಿ ಮಾಡಿ, ಮತ್ತೆ ಏರಿಸಬೇಕು. ಇಷ್ಟು ವರ್ಷದಿಂದ ನಡೆಯುತ್ತಿರುವ ಸೇವೆಗೆ ಇದು ಶೋಭೆಯಲ್ಲ. ನಾವು ಸುಮ್ನೆ ಸ್ಟೇಟಸ್ ಜಾಗದಲ್ಲಿ "ತೊಳೆದದ್ದು" ಅಂತ ಬರೆದು, ಲೆಕ್ಕ ಹಾಕುವಾಗ ಬಿಟ್ಟುಬಿಡುತ್ತೇವೆ. ಎಪಿಐನಲ್ಲಿ ಒಂದು ಸಲಕ್ಕೆ 8,000 ರೀಡಿಂಗ್ ಮಾತ್ರ ಸಿಗುವುದರಿಂದ ವರ್ಷದ ಡೇಟಾವನ್ನು ತುಂಡು ತುಂಡಾಗಿ ತರಬೇಕು.

ಉಚಿತ ಪ್ಲಾನ್ ಇರುವುದು ವ್ಯಾಪಾರಕ್ಕಲ್ಲದ ಸಣ್ಣ ಕೆಲಸಗಳಿಗೆ. ದೊಡ್ಡ ಎಸ್ಟೇಟ್‌ನವರು ದುಡ್ಡು ಕೊಡುವ ಪ್ಲಾನ್ ನೋಡಿಕೊಳ್ಳಿ. ಪಬ್ಲಿಕ್ ಚಾನೆಲ್‌ನಲ್ಲಿ ಜಾಗದ ಅಕ್ಷಾಂಶ-ರೇಖಾಂಶ ತುಂಬುವುದು ಕಡ್ಡಾಯವಲ್ಲ, ಕಾಳುಮೆಣಸಿನ ಕಳ್ಳರು ಓಡಾಡುವ ಕಾಲದಲ್ಲಿ ತೋಟದ ವಿಳಾಸ ಊರಿಗೆಲ್ಲ ಸಾರುವುದು ಯಾಕೆ. ಮತ್ತೆ ಚಾನೆಲ್ ಮಾಡುವಾಗ ಎಂಟೂ ಫೀಲ್ಡ್ ಮಳೆಗೇ ಬಳಸಬೇಡಿ. ಒಂದನ್ನು ನೋಡ್‌ಗಳ ಬ್ಯಾಟರಿ ವೋಲ್ಟೇಜ್‌ಗೆ ಬಿಡಿ, ಎಲ್ಲದಕ್ಕಿಂತ ಕಮ್ಮಿ ಇರುವ ನೋಡ್‌ನದು ಒಂದು ಬಂದರೂ ಸಾಕು. ಜುಲೈನಲ್ಲಿ ಬಿಸಿಲು ಕಾಣದ ವಾರಗಳಲ್ಲಿ ಸೋಲಾರ್ ಚಾರ್ಜ್ ಆಗುವುದಿಲ್ಲ, ಆಗ ಎಲ್ಲರೂ ಮೊದಲು ನೋಡುವ ಗ್ರಾಫ್ ಅದೇ.