ಯಾರದೋ ಮನೆಯ ತೊಲೆ ತೋರಿಸಿ ನನಗೆ ಟೋಪಿ ಹಾಕಿದರು: ಹಳೇ ಮನೆಯ ಛಾವಣಿ ಬದಲಿಸುವವರೇ, ಎಚ್ಚರ

ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಬೇರೆಯವರ ಬಿಲ್ಲು ತಿದ್ದುವ ಕೆಲಸ ನನ್ನದು. ಒಂದು ರಸೀತಿ ಹೆಚ್ಚುಕಮ್ಮಿ ಇದ್ದರೆ ಹಿಡಿದು ಕೂರಿಸುವವಳು ನಾನು. ಅಂಥವಳೇ ನನ್ನ ಸ್ವಂತ ಮನೆಯ ಛಾವಣಿ ವಿಷಯದಲ್ಲಿ ಮೂರು ಫೋಟೋ ನೋಡಿ ದುಡ್ಡು ಕಳಿಸಿಬಿಟ್ಟೆ. ಮೂರೇ ಫೋಟೋ!

ನಮ್ಮದು ಅಜ್ಜ ಕಟ್ಟಿಸಿದ ಹೆಂಚಿನ ಮನೆ. ಊರ ನಡುವೆ ಇದೆ, ಒಂದು ಪಕ್ಕದ ಗೋಡೆ ನೆರೆಮನೆಗೆ ಅಂಟಿಕೊಂಡಿದೆ. ಹಳೇ ಮನೆ ಇದ್ದವರಿಗೆ ಗೊತ್ತು, ಇಂಥ ಮನೆ ಸೋರುವುದು ಹೊಸದಲ್ಲ. ಎರಡು ಕಡೆ ಬಕೆಟ್ ಇಟ್ಟುಕೊಂಡು ಕಾಲ ಹಾಕುತ್ತಿದ್ದೆವು. ಪಕ್ಕದ ಬೀದಿಯಲ್ಲಿ ಕೆಲಸ ಮಾಡುತ್ತಿದ್ದೇನೆ ಅಂತ ಹೇಳಿಕೊಂಡು ಒಬ್ಬರು ಕಾಂಟ್ರಾಕ್ಟರ್ ಬಂದರು. "ಮೇಡಂ, ಕೆಳಗಿಂದಲೇ ಕಾಣ್ತಿದೆ, ನಿಮ್ಮ ಹೆಂಚು ಜಾರಿದೆ" ಅಂದರು. ಮಾತು ಮೆದು. ಚಪ್ಪಲಿ ಹೊರಗೇ ಬಿಟ್ಟರು. ಆಗ ನಾನು ಅವರನ್ನು ಅವರು ಅಂತಲೇ ಕರೆಯುತ್ತಿದ್ದೆ. ಇನ್ನು ಮುಂದೆ ಅವನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಏಣಿ ಹಾಕಿ ಮೇಲೆ ಹೋದ. ಹತ್ತು ನಿಮಿಷದಲ್ಲಿ ಒಡೆದ ಹೆಂಚೊಂದನ್ನು ಹಿಡಿದು ಇಳಿದ. "ನೋಡಿ, ಮುಟ್ಟಿದ್ರೆ ಕೈಗೇ ಬರುತ್ತೆ. ಪೂರ್ತಿ ತೆಗೆದು ಹೊಸದು ಹಾಕಬೇಕು. ತೇಪೆ ಕೆಲಸ ಮಾಡಿದ್ರೆ ನಿಮ್ಮ ದುಡ್ಡು ದಂಡ." ನಾನು ತಲೆ ಆಡಿಸಿದೆ. ಆ ಹೆಂಚಿನ ಒಡೆದ ಅಂಚು ಕೆಂಪಗೆ ಹೊಳೆಯುತ್ತಿತ್ತು. ಹೊರಮೈ ಕಪ್ಪು, ಅಂಚು ಮಾತ್ರ ಹೊಚ್ಚ ಕೆಂಪು! ಯಾವಾಗಲೋ ಒಡೆದಿದ್ದರೆ ಅಂಚಿಗೂ ಧೂಳು ಕೂತು ಕಪ್ಪಾಗಿರಬೇಕಿತ್ತು ಅಲ್ವಾ? ಇದು ಹೊಳೆದದ್ದು ಈಗ, ಬರೆಯಲು ಕೂತ ಮೇಲೆ. ಆವತ್ತು ಕಣ್ಣಿದ್ದೂ ಕಾಣಲಿಲ್ಲ.

ಕೊಟೇಶನ್ ಅಂತ ಒಂದು ಹಾಳೆ ಕೊಟ್ಟ. ಅದರಲ್ಲಿ ಕೊನೆಗೆ ಒಂದು ಸಾಲು: "ಅಗತ್ಯ ಬಿದ್ದರೆ ಮರದ ಕೆಲಸ ಹೆಚ್ಚುವರಿ." ಅಷ್ಟೇ. ಯಾವ ಮರ, ಮೀಟರಿಗೆ ಎಷ್ಟು, ಅಗತ್ಯ ಅಂತ ತೀರ್ಮಾನಿಸುವವರು ಯಾರು, ಏನೂ ಇಲ್ಲ. ನಾನು ಸಹಿ ಹಾಕಿದೆ. ಅರ್ಧಕ್ಕಿಂತ ಜಾಸ್ತಿ ಮುಂಗಡ ಕೊಟ್ಟೆ. "ಸಾಮಾನು ಒಟ್ಟಿಗೆ ತಂದ್ರೆ ಕಡಿಮೆಗೆ ಸಿಗುತ್ತೆ" ಅಂದಿದ್ದ.

ಕೆಲಸ ಶುರುವಾಗುವ ಹಿಂದಿನ ದಿನ ಅಮ್ಮನನ್ನು ಚಿಕ್ಕಮ್ಮನ ಮನೆಗೆ ಬಿಟ್ಟು ಬಂದೆ. ಧೂಳು ಆಗುತ್ತೆ ಅಂತ. ಇದೇ ನಾನು ಮಾಡಿದ ದೊಡ್ಡ ತಪ್ಪು.

ಮೊದಲ ದಿನವೇ ಎರಡೂ ಇಳಿಜಾರಿನ ಹೆಂಚು ಪೂರ್ತಿ ಬಿಚ್ಚಿ ಹಾಕಿದರು. ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಬಿಚ್ಚಬಹುದಿತ್ತು. ಇಲ್ಲ, ಎರಡೂ. ಮಧ್ಯಾಹ್ನ ನಾನು ಆಫೀಸಿನಲ್ಲಿದ್ದಾಗ ಫೋನ್.

"ಮೇಡಂ, ಒಂದು ಕೆಟ್ಟ ಸುದ್ದಿ. ತೊಲೆ ಹೋಗಿದೆ. ಫೋಟೋ ಕಳಿಸ್ತೀನಿ ನೋಡಿ."

ಮೂರು ಫೋಟೋ ಬಂದವು. ಮರ ಪುಡಿಪುಡಿ, ಒಳಗೆ ಗೆದ್ದಲು ತಿಂದ ಗೂಡು. ನೋಡಿದರೆ ಎದೆ ಒಡೆಯಬೇಕು, ಹಾಗಿತ್ತು.

"ಇವತ್ತೇ ಹೇಳ್ಬೇಕು ಮೇಡಂ. ಮೋಡ ನೋಡಿ. ಮನೆ ಮೇಲೆ ಏನೂ ಇಲ್ಲ ಈಗ."

ಮನೆ ಮೇಲೆ ಏನೂ ಇಲ್ಲ! ಬಿಚ್ಚಿದ್ದು ಯಾರು? ಆದರೆ ಆ ಹೊತ್ತಿಗೆ ಅದು ಹೊಳೆಯಲಿಲ್ಲ. ಕಿಟಕಿಯಿಂದ ಮೋಡ ನೋಡಿದೆ, ದುಡ್ಡು ಕಳಿಸಿದೆ. ಮೊದಲು ಒಪ್ಪಿದ ಮೊತ್ತದ ಕಾಲು ಭಾಗ ಹೆಚ್ಚಿಗೆ. ಸಂಜೆ ಮನೆಗೆ ಹೋಗುವಷ್ಟರಲ್ಲಿ ಹಳೇ ತೊಲೆ, ಪಕಾಸು, ಹೆಂಚು, ಎಲ್ಲ ಮಾಯ. "ಕಸ ಸಾಗಿಸಿಬಿಟ್ವಿ ಮೇಡಂ, ಜಾಗ ಇರ್ಲಿಲ್ಲ." ಸಾಗಿಸಿದ ಖರ್ಚೂ ಬಿಲ್ಲಿನಲ್ಲಿ ಬಂತು. ನಾನು ಅದನ್ನೂ ಕೊಟ್ಟೆ. ಕೊಟ್ಟು "ಥ್ಯಾಂಕ್ಸ್" ಬೇರೆ ಹೇಳಿದೆ.

ಎಂಟು ದಿನಕ್ಕೆ ಕೆಲಸ ಮುಗಿಯಿತು. ನೋಡಲು ಚೆನ್ನಾಗಿಯೇ ಇತ್ತು. ಬಾಕಿ ಪೂರ್ತಿ ಕೊಟ್ಟೆ. ಅಮ್ಮ ವಾಪಸ್ ಬಂದರು. ಹೊಸ ತೊಲೆ ನೋಡಿ, "ಹಳೇದು ಚೆನ್ನಾಗೇ ಇತ್ತಲ್ಲೇ, ಯಾಕೆ ತೆಗೆಸಿದೆ?" ಅಂತ ಕೇಳಿದರು. "ನಿನಗೇನು ಗೊತ್ತಮ್ಮ, ಗೆದ್ದಲು ಹಿಡಿದಿತ್ತು, ನೋಡು" ಅಂತ ದೊಡ್ಡ ಜಾಣೆಯ ಹಾಗೆ ಫೋನ್ ಕೊಟ್ಟೆ.

ಅಮ್ಮ ಕನ್ನಡಕ ಹಾಕಿಕೊಂಡರು. ಮೊದಲ ಫೋಟೋ ನೋಡಿದರು. ಎರಡನೆಯದು ನೋಡಿದರು. ಮತ್ತೆ ಮೊದಲನೆಯದಕ್ಕೆ ಹೋದರು.

"ಇದ್ಯಾರ ಮನೇದು?"

"ನಮ್ದೇ ಅಮ್ಮ."

"ನಮ್ಮ ತೊಲೆಗೆ ಯಾವತ್ತು ಹಸಿರು ಬಣ್ಣ ಹೊಡೆದಿದ್ರು?"

ಫೋನ್ ಕಿತ್ತುಕೊಂಡು ದೊಡ್ಡದು ಮಾಡಿ ನೋಡಿದೆ. ಪುಡಿಯಾದ ಭಾಗದ ಪಕ್ಕದಲ್ಲೇ, ಒಂದು ಗೇಣು ಉದ್ದಕ್ಕೆ ಹಸಿರು ಪೇಂಟ್. ನಮ್ಮ ಅಟ್ಟದ ಮರಕ್ಕೆ ಬಣ್ಣ ಅನ್ನುವುದು ಮುಟ್ಟಿಯೇ ಇಲ್ಲ. ಬರೀ ಎಣ್ಣೆ ಸವರುತ್ತಿದ್ದರು. ಆ ಅಟ್ಟದಲ್ಲಿ ನಾನು ಸಣ್ಣವಳಿದ್ದಾಗ ಕಣ್ಣಾಮುಚ್ಚಾಲೆ ಆಡಿದ್ದೇನೆ. ಆ ತೊಲೆಗೆ ಒರಗಿ ಕೂತಿದ್ದೇನೆ. ನನಗೇ ಗೊತ್ತಿರಬೇಕಿತ್ತು. ಅಮ್ಮ ಒಂದು ಮಾತೂ ಬೈಯಲಿಲ್ಲ, ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ತಕ್ಷಣ ಫೋನ್ ಮಾಡಿದೆ. ಅವನ ಉತ್ತರ ಕೇಳಿ:

"ಮೇಡಂ, ಅದು ಬಣ್ಣ ಅಲ್ಲ. ಪಾಚಿ."

ಪಾಚಿ! ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಬೆಳೆಯುವ ಪಾಚಿ! ಹಾಗಾದರೆ ನಿಮ್ಮ ಫೋನಿನಲ್ಲಿರುವ ಮೂಲ ಫೋಟೋ ತೋರಿಸಿ, ಯಾವತ್ತು ತೆಗೆದದ್ದು ಅಂತ ಅದರಲ್ಲಿ ಇರುತ್ತೆ ಅಂದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದದ್ದರಲ್ಲಿ ಆ ಮಾಹಿತಿ ಉಳಿಯುವುದಿಲ್ಲ, ಅದಕ್ಕೇ ಮೂಲ ಬೇಕಿತ್ತು. "ಫೋನ್ ಬದಲಾಯಿಸಿದೆ ಮೇಡಂ" ಅಂದ. ಅದೇ ನಂಬರು, ಅದೇ ಒಡೆದ ಸ್ಕ್ರೀನಿನ ಫೋನ್, ಮೊನ್ನೆ ಬಾಕಿ ತಗೊಳ್ಳಲು ಬಂದಾಗ ಕೈಯಲ್ಲೇ ಇತ್ತು. ಸರಿ, ತೆಗೆದ ತೊಲೆ ತೋರಿಸಿ ಅಂದೆ. "ಕಸ ಯಾರಾದ್ರೂ ಇಟ್ಕೋತಾರಾ ಮೇಡಂ?" ನಗುತ್ತಿದ್ದ. ನಕ್ಕಿದ್ದು ಕೇಳಿಸಿತು.

ಇಲ್ಲಿಗೇ ಮುಗಿದಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೋ ಏನೋ. ಮೊದಲ ಜೋರು ಮಳೆಗೆ ಹೊಸ ಛಾವಣಿ ಸೋರಿತು. ಬಕೆಟ್ ಮತ್ತೆ ಬಂತು, ಈ ಸಲ ಹೊಸ ಜಾಗಕ್ಕೆ, ಅಮ್ಮನ ಮಂಚದ ಪಕ್ಕ.

ಅವನಿಗೆ ವಿಡಿಯೋ ಕಳಿಸಿದೆ. ಬಂದ ಉತ್ತರಗಳು ಇವು, ಒಂದೊಂದಕ್ಕೂ ಎರಡು ಮೂರು ದಿನ ಬಿಟ್ಟು:

"ನೋಡೋಣ ಮೇಡಂ."

"ಅದು ರೂಫ್ ಅಲ್ಲ, ಗೋಡೆ. ಗೋಡೆ ನಮ್ಮ ಕೆಲಸದಲ್ಲಿ ಬರಲ್ಲ."

"ಹಳೇ ಮನೆ ಅಂದ್ಮೇಲೆ ಸ್ವಲ್ಪ ಇರುತ್ತೆ."

"ಮಳೆ ನಿಲ್ಲಲಿ."

ಮಳೆ ನಿಲ್ಲಲಿ ಅಂತೆ. ಮಳೆ ನಿಂತರೆ ಸೋರುವುದೂ ನಿಲ್ಲುತ್ತೆ, ಅದು ನನಗೂ ಗೊತ್ತು.

ಕೊನೆಗೆ ಗೆಳತಿ ಹೇಳಿದ ಒಬ್ಬ ವಯಸ್ಸಾದ ಬಡಗಿಯನ್ನು ಕರೆಸಿದೆ. ಅವರು ನೀರು ತೊಟ್ಟಿಕ್ಕುವ ಜಾಗ ನೋಡಲೇ ಇಲ್ಲ. "ಬೀಳೋದು ಒಂದು ಕಡೆ, ನುಗ್ಗೋದು ಒಂದು ಕಡೆ, ತಾಯಿ. ನೀರು ಹೆಂಚು ಕೂರಿಸೋ ರೀಪಿನ ಅಡಿಯಲ್ಲಿ ಹರಿದು ಬರುತ್ತೆ" ಅಂತ ಸೀದಾ ಪಕ್ಕದ ಮನೆ ಗೋಡೆ ಸೇರುವ ಕಡೆಗೆ ಹೋದರು. ಅಲ್ಲಿ ಹೆಂಚಿಗೂ ಗೋಡೆಗೂ ನಡುವೆ ಬರೀ ಸಿಮೆಂಟ್ ಮೆತ್ತಿದ್ದರು, ಅದು ಆಗಲೇ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಮರ ಬಿಸಿಲಿಗೆ, ತೇವಕ್ಕೆ ಅಲುಗಾಡುತ್ತದೆ, ಗೋಡೆ ಅಲುಗಾಡುವುದಿಲ್ಲ, ನಡುವೆ ಸಿಕ್ಕಿದ ಸಿಮೆಂಟ್ ಒಡೆಯದೆ ಇನ್ನೇನು ಮಾಡುತ್ತೆ? ಗೋಡೆಯಲ್ಲಿ ಒಂದು ಇಂಚು ಸಂದು ಕೊರೆದು, ತಗಡಿನ ಮೇಲಂಚನ್ನು ಅದರೊಳಗೆ ಸೇರಿಸಿ, ಕೆಳಗಿನ ಭಾಗವನ್ನು ಹೆಂಚಿನ ಮೇಲೆ ಬಗ್ಗಿಸಬೇಕಿತ್ತು. ಕೊಟೇಶನ್‌ನಲ್ಲಿ "ಗೋಡೆ ಬದಿ ತಗಡು" ಅಂತ ಬರೆದು ದುಡ್ಡು ತಗೊಂಡಿದ್ದ. ತಗಡೇ ಇಲ್ಲ.

ಆಮೇಲೆ ಆ ಬಡಗಿ ಕೇಳಿದರು: "ಹಳೇ ಮರ ಎಲ್ಲಿಟ್ಟಿದ್ದೀರಿ?"

ಕಸ ಅಂತ ಕೊಟ್ಟೆ ಅಂದೆ. ಅವರು ಸುಮ್ನೆ ನನ್ನ ಮುಖ ನೋಡಿದರು. ಅಷ್ಟು ಹಳೇ ಗಟ್ಟಿ ಮರ, ಒಡೆಯದ ಮಣ್ಣಿನ ಹೆಂಚು, ಇವನ್ನು ದುಡ್ಡು ಕೊಟ್ಟು ಕೊಳ್ಳುವವರಿದ್ದಾರಂತೆ. ನಾನು ದುಡ್ಡು ಕೊಟ್ಟು ಸಾಗಿಸಿದ್ದೆ.

ಬಿಲ್ಲು ತಿದ್ದುವವಳಲ್ವಾ ನಾನು, ಆವತ್ತು ರಾತ್ರಿ ಬಿಲ್ಲು ತೆಗೆದು ಕೂತೆ. ಮೊದಲೇ ಕೂರಬೇಕಿತ್ತು. ಸೂರಂಚು ಸೇರಿ ನಮ್ಮ ಮನೆಯ ನೆಲದಳತೆ 80 ಚದರ ಮೀಟರ್. ಇಳಿಜಾರು ಇರುವುದರಿಂದ ಛಾವಣಿಯ ಅಳತೆ ಅದಕ್ಕಿಂತ ಜಾಸ್ತಿ ಬರುತ್ತೆ, ಸರಿ. ಎಷ್ಟು ಜಾಸ್ತಿ ಅನ್ನುವುದು ಇಳಿಜಾರಿನ ಮೇಲೆ ನಿಂತಿದೆ. 30 ಡಿಗ್ರಿ ಇದ್ದರೆ 100ಕ್ಕೆ 115ರ ಆಸುಪಾಸು, 45 ಡಿಗ್ರಿ ಇದ್ದರೆ 141. ಫೋನಿನ ಆಪ್ ಇಟ್ಟು ಅಳೆದೆ, ನಮ್ಮದು 30. ಅಂದರೆ ಸುಮಾರು 92 ಚದರ ಮೀಟರ್ ಬರಬೇಕು. ಬಿಲ್ಲಿನಲ್ಲಿ 113, ಅಂದರೆ 45 ಡಿಗ್ರಿಯ ಲೆಕ್ಕ. ಅವನು ನನ್ನ ಬಿಲ್ಲಿಗೆ ಬೇರೆ ಯಾರದೋ ಮನೆಯ ತೊಲೆ ಹಾಕಿದ್ದಷ್ಟೇ ಅಲ್ಲ, ಬೇರೆ ಯಾರದೋ ಮನೆಯ ಇಳಿಜಾರನ್ನೂ ಹಾಕಿದ್ದ! ನಾವು ಹಾಕಿಸಿದ ಬಗೆಯ ಹೆಂಚು ಚದರ ಮೀಟರಿಗೆ 15ರ ಹತ್ತಿರ ಹಿಡಿಯುತ್ತೆ. ಇಲ್ಲದ 21 ಚದರ ಮೀಟರಿಗೆ 300ಕ್ಕೂ ಜಾಸ್ತಿ ಹೆಂಚಿನ ದುಡ್ಡು ಕೊಟ್ಟಿದ್ದೇನೆ. ಕೂಲಿ ಬೇರೆ.

ನಿಮಗೆ ಹೇಳುವುದು ಇಷ್ಟೇ. ಎರಡೂ ಕಡೆ ಒಟ್ಟಿಗೆ ಬಿಚ್ಚಲು ಬಿಡಬೇಡಿ. ಬಿಚ್ಚುವ ದಿನ ರಜೆ ಹಾಕಿ ಮನೆಯಲ್ಲೇ ಇರಿ. ಮರ ಹಾಳಾಗಿದೆ ಅಂದರೆ ಫೋಟೋ ನಂಬಬೇಡಿ, ನೀವೇ ಹತ್ತಿರ ಹೋಗಿ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಒಳ್ಳೇ ಮರ ಒಳಗೆ ಬಿಡುವುದಿಲ್ಲ, ಹಾಳಾದದ್ದು ಬೆಣ್ಣೆಯ ಹಾಗೆ ಬಿಡುತ್ತೆ. ಮರದ ಕೆಲಸ ಬಂದರೆ ಮೀಟರಿಗೆ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ತೆಗೆದ ಮರ, ಹೆಂಚು ನಿಮ್ಮದು ಅಂತಲೂ ಬರೆಸಿ. ಒಂದು ಮಳೆ ನೋಡುವ ತನಕ ಕೊನೇ ಕಂತು ಕೊಡಬೇಡಿ, ಎಷ್ಟೇ ಮೇಡಂ ಮೇಡಂ ಅಂದರೂ. ಮತ್ತೆ, ಮನೆಯಲ್ಲಿ ವಯಸ್ಸಾದವರಿದ್ದರೆ ಧೂಳು ಅಂತ ನೆಂಟರ ಮನೆಗೆ ಸಾಗಹಾಕಬೇಡಿ. ಆ ಮನೆ ಅವರಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿಲ್ಲ.

ಗೋಡೆ ಬದಿಗೆ ಬಡಗಿ ತಗಡು ಹಾಕಿ ಹೋಗಿದ್ದಾರೆ. ಆಮೇಲೆ ಎರಡು ಮಳೆ ಬಂತು, ಸೋರಿಲ್ಲ. ಬಕೆಟ್ ಮಾತ್ರ ಅಮ್ಮ ಇನ್ನೂ ಅಲ್ಲಿಂದ ತೆಗೆದಿಲ್ಲ. ನಿನ್ನೆ ಅವನಿಂದ ಒಂದು ಮೆಸೇಜ್ ಬಂತು: "ಮೇಡಂ, ಮನೆಗೆ ಪೇಂಟಿಂಗ್ ಮಾಡಿಸ್ತೀರಾ? ನಮ್ಮ ಹುಡುಗರು ಫ್ರೀ ಇದ್ದಾರೆ." ಬ್ಲಾಕ್ ಮಾಡಲು ಕೈ ಹೋಗಿತ್ತು, ಮಾಡಲಿಲ್ಲ. ಆ ಹಸಿರು ಫೋಟೋ ಅದೇ ಚಾಟ್‌ನಲ್ಲಿದೆ, ದೂರಿನ ಜೊತೆ ಲಗತ್ತಿಸಬೇಕು.