ಅಡುಗೆಗೆ ಪೋರ್ಟ್ ವೈನ್: ರೂಬಿ, ಟಾನಿ ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

ಪೋರ್ಟ್ ಎಂದರೆ ಪೋರ್ಚುಗಲ್‌ನ ಸಿಹಿ, ಕಡು ವೈನ್. ರೂಬಿ ಅದರ ಕೆಂಪು ಬಗೆ, ಟಾನಿ ಪೀಪಾಯಿಯಲ್ಲಿ ಮಾಗಿ ಕಂದಾದ ಬಗೆ. ಅಡುಗೆಮನೆಯಲ್ಲಿ ಒಂದೇ ಪೋರ್ಟ್ ಬಾಟಲಿ ಇಟ್ಟುಕೊಳ್ಳುವವರು ರಿಸರ್ವ್ ರೂಬಿ (ಸಾಮಾನ್ಯ ರೂಬಿಗಿಂತ ಒಂದು ಮೆಟ್ಟಿಲು ಮೇಲಿನದು) ಕೊಳ್ಳಿ. ಎರಡು ಇಟ್ಟುಕೊಳ್ಳುವ ಅನುಕೂಲ ಇದ್ದರೆ ಎರಡನೆಯದು ಹತ್ತು ವರ್ಷದ ಟಾನಿ ಆಗಿರಲಿ. ವಿಂಟೇಜ್ ಪೋರ್ಟನ್ನು ಒಲೆಯ ಮೇಲಿಡುವುದು ದುಡ್ಡು ದಂಡ. ಅದಕ್ಕೆ ಅಷ್ಟು ಬೆಲೆ ಕೊಡುವುದು ಬಾಟಲಿಯಲ್ಲಿ ದಶಕಗಟ್ಟಲೆ ಮಾಗಿದ ಪರಿಮಳಕ್ಕೆ. ಕುದಿ ಬಂದ ಕೂಡಲೇ ಮೊದಲು ಹಾರಿಹೋಗುವುದೂ ಅದೇ.

ಬಾಟಲಿಯಲ್ಲಿ ಏನಿದೆ ಎಂದು ತಿಳಿದರೆ ಯಾವುದರ ಜೊತೆ ಹಾಕಬೇಕು ಎನ್ನುವುದು ಅರ್ಧ ತಿಳಿದಂತೆ. ಪೋರ್ಚುಗಲ್‌ನ ಡೌರೊ ಕಣಿವೆಯ ದ್ರಾಕ್ಷಿರಸ ಹುಳಿಯುತ್ತಿರುವಾಗ ನಡುವೆಯೇ ಸುಮಾರು 77% ಆಲ್ಕೋಹಾಲ್ ಇರುವ ದ್ರಾಕ್ಷಿಯ ಸ್ಪಿರಿಟ್ ಬೆರೆಸುತ್ತಾರೆ. ಯೀಸ್ಟ್ ಸಾಯುತ್ತದೆ, ತಿನ್ನದೆ ಉಳಿದ ಸಕ್ಕರೆ ಹಾಗೆಯೇ ನಿಲ್ಲುತ್ತದೆ. ಆಲ್ಕೋಹಾಲ್ 19ರಿಂದ 22%, ಸಕ್ಕರೆ ಲೀಟರಿಗೆ ಹೆಚ್ಚುಕಡಿಮೆ 100 ಗ್ರಾಂ. ಅಂದರೆ 250 ಮಿ.ಲೀ. ಪೋರ್ಟ್ ಸುರಿದಾಗ 25 ಗ್ರಾಂ ಸಕ್ಕರೆಯೂ ಪಾತ್ರೆಗೆ ಬಿತ್ತು. ಡ್ರೈ ರೆಡ್ ವೈನ್‌ಗೆ ಬರೆದ ಪಾಕವಿಧಾನದಲ್ಲಿ ಅದೇ ಅಳತೆಗೆ ಪೋರ್ಟ್ ಹಾಕಿದರೆ ಸಾರು ಜಾಮ್ ಆಗುವುದು ಇದರಿಂದಲೇ. ಅಂಥ ಕಡೆ ಅಳತೆಯನ್ನು ಮೂರನೇ ಒಂದಕ್ಕೆ ಇಳಿಸಿ, ಉಳಿದದ್ದಕ್ಕೆ ನೀರು ಅಥವಾ ಸ್ಟಾಕ್ (ಮೂಳೆ ಇಲ್ಲವೇ ತರಕಾರಿ ಕುದಿಸಿ ಸೋಸಿದ ನೀರು) ಹಾಕಬೇಕು.

ರೂಬಿಯನ್ನು ದೊಡ್ಡ ತೊಟ್ಟಿಗಳಲ್ಲಿ ಗಾಳಿ ತಾಗದ ಹಾಗೆ ಕೆಲವೇ ವರ್ಷ ಇಡುತ್ತಾರೆ. ಬಣ್ಣ, ಕೆಂಪು ಹಣ್ಣಿನ ರುಚಿ, ಒಗರು ಮೂರೂ ಉಳಿಯುತ್ತವೆ. ಟಾನಿ ಚಿಕ್ಕ ಮರದ ಪೀಪಾಯಿಗಳಲ್ಲಿ ನಿಧಾನವಾಗಿ ಗಾಳಿ ಕುಡಿಯುತ್ತಾ ಮಾಗುತ್ತದೆ. ಕೆಂಪು ಹೋಗಿ ಕಂದು ಬರುತ್ತದೆ, ಒಗರು ಇಳಿದು ಬಾದಾಮಿ, ಒಣ ಅಂಜೂರ, ಕ್ಯಾರಮೆಲ್ ರುಚಿ ಮೇಲೇಳುತ್ತದೆ. ಹಾಗಾಗಿ ರೂಬಿಗೆ ಕೊಬ್ಬು, ಉಪ್ಪು, ಹುಳಿ ಇರುವ ಜೋಡಿ ಬೇಕು. ಟಾನಿಗೆ ಮೊಟ್ಟೆ, ಬೆಣ್ಣೆ, ಕಾಯಿಬೀಜ, ಒಣಹಣ್ಣು. ಇದನ್ನು ತಿರುಗುಮುರುಗು ಮಾಡಿದರೆ ದುಬಾರಿ ಟಾನಿ ಈರುಳ್ಳಿ ಸಾಸಿನಲ್ಲಿ ಕಳೆದೇ ಹೋಗುತ್ತದೆ, ರೂಬಿ ಕಸ್ಟರ್ಡಿನಲ್ಲಿ ಬೂದು ಬಣ್ಣ ತರುತ್ತದೆ. ದ್ರಾಕ್ಷಿಯ ಕೆಂಪು ಹುಳಿಯಲ್ಲಿ ಹೊಳೆಯುತ್ತದೆ, ಹುಳಿ ತಗ್ಗಿದಷ್ಟೂ ನೀಲಿ ಕಡೆಗೆ ವಾಲುತ್ತದೆ. ಅಡುಗೆ ಸೋಡಾ ಹೆಚ್ಚಿರುವ ಕೇಕಿಗೆ ರೂಬಿ ಬೇಡ ಎನ್ನುವುದೂ ಇದೇ ಕಾರಣಕ್ಕೆ.

ಎಲ್ಲಕ್ಕೂ ಮೂಲ ಬತ್ತಿಸುವ ಹದ. ಅಗಲ ಬಾಯಿಯ, ದಪ್ಪ ತಳದ ಸ್ಟೀಲ್ ಪಾತ್ರೆ ತೆಗೆದುಕೊಳ್ಳಿ. ಹುಳಿ ತಾಗಿ ಲೋಹದ ರುಚಿ ಬಿಡುವುದರಿಂದ ಬರಿ ಅಲ್ಯೂಮಿನಿಯಂ, ಕಬ್ಬಿಣದ ಬಾಣಲೆ ಎರಡೂ ಬೇಡ. 250 ಮಿ.ಲೀ. ರೂಬಿ ಹಾಕಿ, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವಷ್ಟು ಉರಿಯಲ್ಲಿ 80 ಮಿ.ಲೀ. ಆಗುವವರೆಗೆ ಬತ್ತಿಸಿ. ಹತ್ತರಿಂದ ಹನ್ನೆರಡು ನಿಮಿಷ ಹಿಡಿಯುತ್ತದೆ. ಗುಳ್ಳೆಗಳು ಮೊದಲು ಚಿಕ್ಕದಾಗಿ ಚದುರಿರುತ್ತವೆ. ಹದ ಹತ್ತಿರ ಬಂದಾಗ ದೊಡ್ಡದಾಗಿ, ನಿಧಾನವಾಗಿ ಒಡೆಯುತ್ತವೆ. ಚಮಚದ ಬೆನ್ನಿಗೆ ತೆಳುವಾಗಿ ಹತ್ತಿಕೊಂಡರೆ ಸಾಕು, ಒಲೆ ಆರಿಸಿ. ಆರಿದ ಮೇಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಬೆಲ್ಲದ ಪಾಕದ ಅಭ್ಯಾಸದಲ್ಲಿ ಒಲೆಯ ಮೇಲೆಯೇ ಎಳೆ ಬರುವವರೆಗೆ ಕಾಯುವವರು ಬಹಳ. ಅಷ್ಟು ಹೊತ್ತಿಗೆ ಒಗರು ಮುದ್ದೆಗಟ್ಟಿ ಕಹಿಯಾಗಿರುತ್ತದೆ, ಸಕ್ಕರೆ ಅಂಚಿನಲ್ಲಿ ಸುಟ್ಟಿರುತ್ತದೆ, ಅದನ್ನು ಸರಿಪಡಿಸುವ ದಾರಿ ಇಲ್ಲ. ಉಪ್ಪು ಕೊನೆಗೆ. ಗ್ಯಾಸ್ ಒಲೆಯಾದರೆ ಸುರಿಯುವಾಗ ಉರಿ ಆರಿಸಿ. ಆವಿಗೆ ಬೆಂಕಿ ಹಿಡಿಯುತ್ತದೆ.

ಕುದಿಸಿದರೆ ಆಲ್ಕೋಹಾಲ್ ಪೂರ್ತಿ ಹೋಗುತ್ತದೆ ಎನ್ನುವ ಮಾತನ್ನು ನಂಬಬೇಡಿ. ಬಹುಪಾಲು ಹೋಗುತ್ತದೆ, ಸ್ವಲ್ಪ ಉಳಿದೇ ಉಳಿಯುತ್ತದೆ. ಕುಡಿಯದವರಿಗೆ, ಮಕ್ಕಳಿರುವ ಮನೆಗೆ ಬಡಿಸುವ ಮೊದಲು ಹೇಳಿಬಿಡಬೇಕು.

ರೂಬಿಯ ಅತಿ ಒಳ್ಳೆಯ ಜೋಡಿ ನೀಲಿ ಬೂಸ್ಟಿನ ಚೀಸ್. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಊಟದ ಕೊನೆಗೆ ಸ್ಟಿಲ್ಟನ್ ಎಂಬ ಅಂಥ ಚೀಸ್ ಜೊತೆ ಪೋರ್ಟ್ ಬರುವುದು ಹಳೆಯ ರೂಢಿ. ಚೀಸಿನ ಉಪ್ಪು ವೈನಿನ ಸಿಹಿಯನ್ನು ಹದಕ್ಕೆ ತರುತ್ತದೆ, ಕೊಬ್ಬು ಒಗರನ್ನು ಮೆತ್ತಗಾಗಿಸುತ್ತದೆ. ಮೇಲೆ ಹೇಳಿದ ಬತ್ತಿಸಿದ ರೂಬಿ ಒಂದು ಚಮಚ, ಹುರಿದ ಆಕ್ರೋಟ, ಸುಟ್ಟ ಬ್ರೆಡ್ ಇದ್ದರೆ ಬೇರೇನೂ ಬೇಡ.

ಮಾಂಸ ಅಥವಾ ಅಣಬೆಯ ಸಾಸ್: ಎರಡು ಸಣ್ಣ ಈರುಳ್ಳಿಯನ್ನು ಬೆಣ್ಣೆಯಲ್ಲಿ ಬಣ್ಣ ಬರದಂತೆ ಬಾಡಿಸಿ, 200 ಮಿ.ಲೀ. ರೂಬಿ ಹಾಕಿ ಅರ್ಧಕ್ಕೆ ಇಳಿಸಿ, 200 ಮಿ.ಲೀ. ಉಪ್ಪಿಲ್ಲದ ಸ್ಟಾಕ್ ಹಾಕಿ ಮತ್ತೆ ಅರ್ಧಕ್ಕೆ ಇಳಿಸಿ, ಸೋಸಿ. ಒಲೆಯಿಂದ ಕೆಳಗಿಳಿಸಿ 30 ಗ್ರಾಂ ತಣ್ಣನೆ ಬೆಣ್ಣೆಯನ್ನು ತುಂಡು ತುಂಡಾಗಿ ಹಾಕಿ ಪಾತ್ರೆ ಆಡಿಸುತ್ತಾ ಕರಗಿಸಿ. ಮತ್ತೆ ಕುದಿಸಿದರೆ ಬೆಣ್ಣೆ ಒಡೆದು ಎಣ್ಣೆ ತೇಲುತ್ತದೆ. ಇಲ್ಲಿ ಹುಳಿ ಕಡ್ಡಾಯ. ಪುಸ್ತಕಗಳು ರೆಡ್ ವೈನ್ ವಿನೆಗರ್ ಒಂದು ಟೀ ಚಮಚ ಎನ್ನುತ್ತವೆ. ಹಂದಿಮಾಂಸಕ್ಕಾದರೆ ಕೊಡಗಿನ ಕಾಚಂಪುಳಿ ಐದಾರು ಹನಿ ಹಾಕಿ ನೋಡಿ. ಆ ಕಡುಹುಳಿ, ಹೊಗೆಯ ಛಾಯೆ ಎರಡೂ ರೂಬಿಯ ಸಿಹಿಗೆ ಸರಿಯಾಗಿ ಎದುರು ನಿಲ್ಲುತ್ತವೆ. ನನ್ನ ಮಟ್ಟಿಗೆ ವಿನೆಗರ್‌ಗಿಂತ ಇದೇ ಮೇಲು. ಹನಿ ಲೆಕ್ಕ ತಪ್ಪಿ ಚಮಚ ಆದರೆ ಮಾತ್ರ ಪೋರ್ಟ್ ಇತ್ತೆಂಬುದೇ ಗೊತ್ತಾಗುವುದಿಲ್ಲ.

ಪೇರ್ ಹಣ್ಣಿಗೆ: ಗಟ್ಟಿ ಪೇರ್ ನಾಲ್ಕು, ರೂಬಿ 375 ಮಿ.ಲೀ., ನೀರು 200 ಮಿ.ಲೀ., ಸಕ್ಕರೆ 50 ಗ್ರಾಂ, ಎರಡಂಗುಲ ಚಕ್ಕೆ, ಮೂರು ಲವಂಗ, ಕಿತ್ತಳೆ ಸಿಪ್ಪೆಯ ಹೊರಪದರ. ಸಿಪ್ಪೆಯ ಬಿಳಿ ಭಾಗ ಬಂದರೆ ಕಹಿ. ಹಣ್ಣಿನ ಮೇಲೆ ಬೇಕಿಂಗ್ ಕಾಗದ ಮುಚ್ಚಿ, ಅದು ತೇಲದ ಹಾಗೆ ಒಂದು ತಟ್ಟೆ ಇಟ್ಟು, ಸಣ್ಣ ಉರಿಯಲ್ಲಿ 25ರಿಂದ 35 ನಿಮಿಷ. ಚಾಕುವಿನ ತುದಿ ತಡೆಯಿಲ್ಲದೆ ಇಳಿದಾಗ ಆರಿಸಿ, ರಸದಲ್ಲೇ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬಣ್ಣ ಒಳಗಿಳಿಯುವುದು ಬೇಯುವಾಗಲ್ಲ, ಈ ನೆನೆಯುವ ಹೊತ್ತಿನಲ್ಲಿ. ಮರುದಿನ ಹಣ್ಣು ತೆಗೆದು ರಸವನ್ನು ಮೂರನೇ ಒಂದಕ್ಕೆ ಬತ್ತಿಸಿ. ಮಾರುಕಟ್ಟೆಯಲ್ಲಿ ಬಬ್ಬುಗೋಶ ಎಂಬ ಮೆತ್ತಗಿನ ಪೇರ್ ಸಿಕ್ಕರೆ ಈ ಕೆಲಸಕ್ಕೆ ಬೇಡ, ಅರ್ಧದಲ್ಲೇ ಕರಗುತ್ತದೆ.

ಕಪ್ಪು ಚಾಕೊಲೆಟ್‌ಗೂ ರೂಬಿಯೇ, 60ರಿಂದ 70% ಕೋಕೊ ಇರುವುದಕ್ಕೆ. 200 ಗ್ರಾಂ ಚಾಕೊಲೆಟ್, ಬಿಸಿ ಕ್ರೀಮ್ 150 ಮಿ.ಲೀ.; ನಯವಾದ ಮೇಲೆ ಬತ್ತಿಸದ ರೂಬಿ 40 ಮಿ.ಲೀ. ಕರಗಿದ ಬರಿ ಚಾಕೊಲೆಟ್‌ಗೆ ಒಂದೆರಡು ಚಮಚ ಮಾತ್ರ ಪೋರ್ಟ್ ಹಾಕಿದರೆ ಅದು ಮರಳಿನಂತೆ ಗಂಟುಕಟ್ಟುತ್ತದೆ. ಕ್ರೀಮ್ ಮೊದಲು, ಪೋರ್ಟ್ ಆಮೇಲೆ.

ಟಾನಿಯ ಕೆಲಸ ನೋಡಬೇಕಾದರೆ ಪೋರ್ಚುಗಲ್‌ನಲ್ಲೇ ನೋಡಬೇಕು. ಬ್ರಾಗಾ ಬಳಿಯ ಪ್ರಿಸ್ಕೊಸ್‌ನ ಪಾದ್ರಿಯ ಹೆಸರಲ್ಲಿರುವ ಪುಡಿಂಗ್, ಪುದಿಂ ಅಬಾದೆ ದೆ ಪ್ರಿಸ್ಕೊಸ್, ಇದರ ಸಾಮಾನು ಕೇಳಿದರೆ ಮೊದಲು ಅಚ್ಚರಿಯಾಗುತ್ತದೆ: ಅರ್ಧ ಲೀಟರ್ ನೀರು, ಅರ್ಧ ಕಿಲೊ ಸಕ್ಕರೆ, 50 ಗ್ರಾಂ ಹಂದಿಕೊಬ್ಬು, ನಿಂಬೆ ಸಿಪ್ಪೆ, ಚಕ್ಕೆ, 15 ಮೊಟ್ಟೆಯ ಹಳದಿ, ಒಂದು ಸಣ್ಣ ಲೋಟ ಪೋರ್ಟ್. ಕೊಬ್ಬು ಹಾಕಿಯೇ ಪಾಕ ಎಳೆ ಬರಿಸಿ, ಸೋಸಿ, ಬೆಚ್ಚಗಾಗುವವರೆಗೆ ಬಿಟ್ಟು, ಪೋರ್ಟ್ ಬೆರೆಸಿದ ಹಳದಿಗೆ ಸಣ್ಣ ಧಾರೆಯಾಗಿ ಸೇರಿಸಿ, ಕ್ಯಾರಮೆಲ್ ಬಳಿದ ಅಚ್ಚಿನಲ್ಲಿ ಬಿಸಿನೀರಿನ ತಟ್ಟೆಯ ಮೇಲಿಟ್ಟು ಬೇಯಿಸುತ್ತಾರೆ. ಪಾಕ ಬಿಸಿ ಇದ್ದರೆ ಹಳದಿ ಕಾಳುಕಾಳಾಗುತ್ತದೆ. ಜೋರಾಗಿ ಕದಡಿದರೆ ನೊರೆ ಎದ್ದು ಪುಡಿಂಗಿನಲ್ಲಿ ತೂತು. ಇಷ್ಟೊಂದು ಹಳದಿ, ಸಕ್ಕರೆಯ ನಡುವೆ ಪೋರ್ಟ್ ಮೊಟ್ಟೆಯ ವಾಸನೆಯನ್ನು ಮುಚ್ಚಿ, ಕ್ಯಾರಮೆಲಿನ ಸಣ್ಣ ಕಹಿಯೊಂದಿಗೆ ಕೈಜೋಡಿಸುತ್ತದೆ. ಟಾನಿ ಇದಕ್ಕೇ ಹುಟ್ಟಿದ್ದು ಅನಿಸುತ್ತದೆ.

ಮಂಗಳೂರು, ಬೆಂಗಳೂರಿನ ಕ್ರಿಸ್‌ಮಸ್ ಪ್ಲಮ್ ಕೇಕಿಗೆ ಒಣಹಣ್ಣು ನೆನೆಹಾಕಲು ಟಾನಿ ಬಳಸುವುದಾದರೆ 500 ಗ್ರಾಂ ಹಣ್ಣಿಗೆ 150 ಮಿ.ಲೀ. ಸಾಕು, ಒಂದು ವಾರ ಫ್ರಿಜ್ಜಿನಲ್ಲಿ. ರಮ್ಮಿನಂತೆ ತಿಂಗಳುಗಟ್ಟಲೆ ಹೊರಗಿಡಬೇಡಿ. ರಮ್ಮಿನಲ್ಲಿ 42.8% ಆಲ್ಕೋಹಾಲ್ ಇದೆ, ಪೋರ್ಟಿನಲ್ಲಿ ಅದರ ಅರ್ಧ. ಹಣ್ಣು ನೀರು ಬಿಟ್ಟ ಮೇಲೆ ಇನ್ನೂ ಕಡಿಮೆಯಾಗಿ ಬೂಸ್ಟು ಬರುತ್ತದೆ.

ನಮ್ಮ ಮಸಾಲೆಗಳಲ್ಲಿ ಚಕ್ಕೆ, ಲವಂಗ, ಅನಾನಸ್ ಹೂವು, ಕಾಳುಮೆಣಸು, ಪಲಾವ್ ಎಲೆ ಒಗ್ಗುತ್ತವೆ. ಇಂಗು, ಅರಿಸಿನ, ಸಾಸಿವೆ ಒಗ್ಗರಣೆ, ತೆಂಗಿನ ಹಾಲು ಬೇಡ. ಒಣಮೆಣಸಿನ ಖಾರ ಹೆಚ್ಚಿದ್ದರೆ ರೂಬಿಯ ಒಗರು ನಾಲಿಗೆಗೆ ಒರಟಾಗುತ್ತದೆ.

ಗೋವಾದಿಂದ ಬರುವ, ಲೇಬಲ್ ಮೇಲೆ ಪೋರ್ಟ್ ಎಂದಿರುವ ಅಗ್ಗದ ಸಿಹಿ ವೈನ್ ಬೇರೆಯದೇ ವಸ್ತು. ಇಂಥವಕ್ಕೆ ಬೆಂಗಳೂರು ನೀಲಿ ದ್ರಾಕ್ಷಿ ಬಳಸುವುದೂ ಉಂಟು. ಆ ದ್ರಾಕ್ಷಿಯ ಜ್ಯೂಸಿನಂಥ ಘಮ ಬತ್ತಿಸಿದಷ್ಟೂ ಮುಂದೆ ಬರುತ್ತದೆ. ಹಣ್ಣು ಬೇಯಿಸಲು ಬಳಸಬಹುದು, ಸಕ್ಕರೆ ಪೂರ್ತಿ ಬಿಟ್ಟು ನಿಂಬೆರಸ ಸೇರಿಸಿ. ಮಾಂಸದ ಸಾಸಿಗೆ ಮಿಠಾಯಿ ರುಚಿ ಬರುವುದರಿಂದ ನಾನು ಶಿಫಾರಸು ಮಾಡುವುದಿಲ್ಲ.

ತೆರೆದ ರೂಬಿ ಫ್ರಿಜ್ಜಿನಲ್ಲಿ ಮೂರು ವಾರ ಚೆನ್ನಾಗಿರುತ್ತದೆ. ಆಮೇಲೆ ಹಣ್ಣಿನ ರುಚಿ ಸಪ್ಪೆಯಾಗಿ ಸಿಹಿ ಮಾತ್ರ ಉಳಿಯುತ್ತದೆ. ಗಾಳಿಗೆ ಮೊದಲೇ ಪಳಗಿದ ಟಾನಿ ಒಂದೂವರೆ ತಿಂಗಳು ತಾಳುತ್ತದೆ. ಅಷ್ಟರಲ್ಲಿ ಮುಗಿಸಲಾರದವರಿಗೆ 375 ಮಿ.ಲೀ. ಅರ್ಧ ಬಾಟಲಿ ಸಿಗುತ್ತದೆ. ಇಲ್ಲವೇ ಉಳಿದ ರೂಬಿಯನ್ನೆಲ್ಲ ಒಮ್ಮೆಲೇ ಬತ್ತಿಸಿ, ಸೋಸಿ, ಗಾಜಿನ ಸೀಸೆಯಲ್ಲಿ ಫ್ರಿಜ್ಜಿಗಿಡಿ. ವಿದೇಶದಿಂದ ಬರುವವರಿಗೆ ತಲೆಗೆ 2 ಲೀಟರ್‌ವರೆಗೆ ಸುಂಕವಿಲ್ಲದೆ ಮದ್ಯ ತರಲು ಅವಕಾಶವಿದೆ, ಟಾನಿಯನ್ನು ಆ ಲೆಕ್ಕದಲ್ಲಿ ತರಿಸಿಕೊಂಡರೆ ಇಲ್ಲಿಯ ಅಂಗಡಿ ದರಕ್ಕಿಂತ ಸಾಕಷ್ಟು ಉಳಿತಾಯ.