ಹ್ಯೂಗೊ, 4 ವರ್ಷದ ಬಳಕೆಯ ನಂತರ: ಕತ್ತರಿಸದ ‘ಸ್ಲೈಸ್’

ನಮ್ಮ ಓದುಗರ ಬಳಗದ ವೆಬ್‌ಸೈಟನ್ನು 4 ವರ್ಷದಿಂದ ಹ್ಯೂಗೊದಲ್ಲೇ ನಡೆಸುತ್ತಿದ್ದೇನೆ. ಬರಹದ ಕಡತಗಳಿಂದ ವೆಬ್‌ಸೈಟಿನ ಪುಟಗಳನ್ನು ಕಟ್ಟಿಕೊಡುವ ತಂತ್ರಾಂಶ ಇದು. ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ, 4 ಜಿಬಿ ರ್‍ಯಾಮಿನ ನನ್ನ ಹಳೇ ಲ್ಯಾಪ್‌ಟಾಪೇ ಸಾಕು. ಅದರ ವೇಗದ ಬಗ್ಗೆ ಎಲ್ಲರೂ ಬರೆದಾಗಿದೆ, ಬಿಡಿ. ನನ್ನ ತಕರಾರು ಅದರ ಆದೇಶಗಳಲ್ಲಿ ಒಂದೇ ಪದದ ಮೇಲೆ: ಸ್ಲೈಸ್, ಅಂದರೆ ತುಂಡು.

ಮುಖಪುಟದಲ್ಲಿ ಹೊಸ ಲೇಖನ ದೊಡ್ಡದಾಗಿ ಬರಬೇಕು, ಆಮೇಲಿನ ನಾಲ್ಕು ಲೇಖನ ಚಿತ್ರದ ಜೊತೆ, ಉಳಿದವು ಬರೀ ಶೀರ್ಷಿಕೆ. ಪಟ್ಟಿಯನ್ನು ಮೂರು ತುಂಡು ಮಾಡಿದರೆ ಮುಗೀತು. ಹಿಂದೆ ಇಂಥದ್ದೇ ಇನ್ನೊಂದು ತಂತ್ರಾಂಶವಾದ ಇಲೆವೆಂಟಿಯಲ್ಲಿ ನನ್‌ಜಕ್ಸ್ ಭಾಷೆಯ ಟೆಂಪ್ಲೇಟ್ (ಪುಟದ ಅಚ್ಚು) ಬರೆಯುತ್ತಿದ್ದೆ. ಅಲ್ಲಿ ‘ಸ್ಲೈಸ್(3)’ ಅಂದರೆ ಮೂರು ಲೇಖನ ಸಿಗುವುದಿಲ್ಲ, ಇಡೀ ಪಟ್ಟಿಯೇ ಮೂರು ಗುಂಪಾಗುತ್ತದೆ. ಹನ್ನೆರಡಿದ್ದರೆ ನಾಲ್ಕು ನಾಲ್ಕರಂತೆ. ಹ್ಯೂಗೊದಲ್ಲಾದರೂ ನೆಟ್ಟಗಿರುತ್ತದೆ ಅಂದುಕೊಂಡು, ಮೊದಲ ಐದು ಬೇಕೆಂದು ‘ಸ್ಲೈಸ್ 0 5’ ಅಂತ ಬರೆದು ಪಕ್ಕದಲ್ಲಿ ಪುಟಗಳ ಪಟ್ಟಿ ಇಟ್ಟೆ. ಇಲ್ಲಿ ಸ್ಲೈಸ್ ಕತ್ತರಿಸುವುದೇ ಇಲ್ಲ. ಕೊಟ್ಟಿದ್ದನ್ನೆಲ್ಲ ಸೇರಿಸಿ ಹೊಸ ಪಟ್ಟಿ ಕಟ್ಟುತ್ತದೆ (ಹ್ಯೂಗೊವನ್ನು ಬರೆದಿರುವ ಗೋ ಭಾಷೆಯಲ್ಲಿ ಇಂಥ ಪಟ್ಟಿಗೇ ಸ್ಲೈಸ್ ಅನ್ನುತ್ತಾರೆ). ಸೊನ್ನೆ, ಐದು, ಪುಟಗಳ ಇಡೀ ರಾಶಿ: ಮೂರೇ ಮೂರು ಐಟಂ. ಆ ಸಾಲಿನಲ್ಲಿ ಎರರ್ ಬರಲಿಲ್ಲ. ಅದರ ಕೆಳಗಿನ ಸಾಲಿನಲ್ಲಿ ಟೆಂಪ್ಲೇಟು ಆ ಸೊನ್ನೆಯ ಶೀರ್ಷಿಕೆ ಕೇಳಿದಾಗ ಬಂತು. ತಪ್ಪೊಂದು ಕಡೆ, ದೂರು ಇನ್ನೊಂದು ಕಡೆ. ಒಂದು ಇಡೀ ಭಾನುವಾರ ಹೋಯಿತು. ಇದಕ್ಕೆ ಒಂದು ಸ್ಟಾರ್ ಕಡಿಮೆ ಮಾಡಿದ್ದೇನೆ, ವಾಪಸ್ ಕೊಡುವುದಿಲ್ಲ.

ಕತ್ತರಿಸಲು ಇರುವುದು ಫಸ್ಟ್, ಆಫ್ಟರ್, ಲಾಸ್ಟ್. ಇವನ್ನು ಕಲಿತ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ದೊಡ್ಡ ಲೇಖನಕ್ಕೆ ‘ಫಸ್ಟ್ 1’. ಚಿತ್ರದ ನಾಲ್ಕಕ್ಕೆ ‘ಆಫ್ಟರ್ 1’, ಪೈಪ್ (ಒಂದರ ಫಲವನ್ನು ಮುಂದಿನದಕ್ಕೆ ದಾಟಿಸುವ ಗೆರೆ) ಹಾಕಿ ‘ಫಸ್ಟ್ 4’. ಉಳಿದವಕ್ಕೆ ‘ಆಫ್ಟರ್ 5’. ಒಂದು ಬಿಟ್ಟು ನಾಲ್ಕು, ಐದು ಬಿಟ್ಟು ಮಿಕ್ಕಿದ್ದು: ನಾವು ಬಾಯಲ್ಲಿ ಎಣಿಸುವ ರೀತಿಯೇ ಇದು, ಸೊನ್ನೆಯಿಂದ ಶುರು ಮಾಡುವ ತಲೆನೋವಿಲ್ಲ. ಮಕ್ಕಳ ಪುಸ್ತಕದ ವಿಭಾಗದಲ್ಲಿ ಮೂರೇ ಬರಹ ಇದ್ದಾಗಲೂ ‘ಫಸ್ಟ್ 4’ ಇದ್ದಷ್ಟನ್ನು ಕೊಟ್ಟು ಸುಮ್ಮನಾಯಿತು.

ಈಗ ಶನಿವಾರ ರಾತ್ರಿ ಊಟ ಆದ ಮೇಲೆ ಸೈಟನ್ನು ಮೊದಲು ನನ್ನ ಲ್ಯಾಪ್‌ಟಾಪಿನಲ್ಲೇ ತೋರಿಸುವ ಹ್ಯೂಗೊ ಸರ್ವರ್ ಹಾಕಿ ಕೂರುತ್ತೇನೆ. ಬಂದ ಬರಹಕ್ಕೆ ದಿನಾಂಕ ಹಾಕಿ ಸೇವ್ ಮಾಡಿದರೆ ಬ್ರೌಸರ್ ತಾನೇ ರಿಫ್ರೆಶ್ ಆಗುತ್ತದೆ. ಕಳೆದ ವಾರದ ದೊಡ್ಡ ಲೇಖನ ಚಿಕ್ಕದಾಗಿ ಎರಡನೇ ಜಾಗಕ್ಕೆ ಇಳಿಯುತ್ತದೆ. ನಾಲ್ಕರಲ್ಲಿ ಕೊನೆಯದು ಚಿತ್ರ ಕಳಚಿಕೊಂಡು ಶೀರ್ಷಿಕೆಗಳ ಸಾಲಿಗೆ ಸೇರುತ್ತದೆ. ಅದನ್ನು ಒಂದು ಸಲ ಕಣ್ತುಂಬ ನೋಡಿ, ಸೈಟಿಗೆ ಏರಿಸಿ, ಈ ವಾರ ಮೇಲೆ ಬಂದವರಿಗೆ ಲಿಂಕ್ ಕಳಿಸಿ ಮಲಗುತ್ತೇನೆ.